ಪಾರ್ಕಿಂಗಿನಾಗಿನ ಹಸರ ಡಬ್ಬಿ

ಶಹಾಪುರದಾಗ ನಾವು ಹೊಸಾ ಅಪಾರ್ಟ್‌ಮೆಂಟಿನಾಗ ಮನಿ ಹಿಡದಿದ್ದೇ ನಮ್ಮ ಸೊಸಿ ಸ್ಕೂಟರ್ ಸಲುವಾಗಿ. ಆಕಿ ಶಿರವಾಳ ಸಾಲ್ಯಾಗ ಟೀಚರ್. ಕರೆಂಟಿನ ಸ್ಕೂಟರ್ ಮ್ಯಾಲ ಹೋಗಿ ಬರ್ತಾಳ. ಹೊಸಾ ಕಟ್ಟಡದಾಗ ಗಾಡಿ ಚಾರ್ಜ್ ಮಾಡಾಕ ಜಾಗ ಬಿಡಲೇಬೇಕು, ಕಾಯ್ದಿ ಅದ ಅಂತ ಗುತ್ತೇದಾರ ನಕಾಶಿ ಹಾಸಿ ಬೆರಳಿಟ್ಟು ತೋರಿಸಿದ್ದ.

ಬಂದು ನೋಡಿದ್ರ ಪಾರ್ಕಿಂಗಿನಾಗ ಬರೇ ಗ್ವಾಡಿ. ಸೊಸಿ ಮೂರನೇ ಮಾಳಗಿ ಅಡಗಿಮನಿ ಕಿಡಕ್ಯಾಗಿಂದ ವಾಯರ್ ಇಳಿಬಿಟ್ಲು. ಕೆಳಗಿನ ಮನಿ ಚಾಚಿ ಅದ್ರ ಮ್ಯಾಲ ಹಸೀ ಚಾದರ ಒಣಾಹಾಕಿದ್ಲು. ವಾಯರ್ ಹರೀತು. ಸೊಸಿ ಸಾಲಿಗಿ ತಡಾ. ಇನ್ನೊಮ್ಮಿ ತಡಾ ಆದ್ರ ರಜಾ ಬರೀತೀನಿ ಅಂದ್ರಂತ ಹೆಡ್‌ಮಾಸ್ತರ್ರು.

ನಾ ಗುತ್ತೇದಾರನ ಆಫೀಸಿಗಿ ಹೋಗಿ ಕುಂತೆ, ಏಳಲೇ ಇಲ್ಲ. ಮರುದಿನ ಗಾಡಿ ಚಾರ್ಜ್ ಮಾಡೋ ಹಸರ ಡಬ್ಬಿ ಬಂತು. ಗುತ್ತೇದಾರನ ಮಂದಿ ಗ್ವಾಡಿಗಿ ನಿಲ್ಸಿ ಫೋಟೋ ಹೊಡದ್ರು. ನಾ ಎಲಿ ಅಡಕಿ ಹಾಕ್ಕೊಂಡು, ಬೆರಳಿಗಿ ಉಳಿದ ಸುಣ್ಣ ಡಬ್ಬಿ ಮೂಲಿಗಿ ಒರಿಸಿದೆ. ಕಂಬ, ಗ್ವಾಡಿ, ಬಸ್ಸಿನ ಸೀಟು, ನನಗ ಯಾವ ಭೇದನೂ ಇಲ್ಲ. ಸಂಜಿಕ ಡಬ್ಬಿ ಮಾಯ.

"ರಿಪೇರಿಗಿ ಹೋಗ್ಯಾದ ಆಯಿ," ಅಂದ ಗುತ್ತೇದಾರ.

ಇನ್ನಾ ಒಂದ್ ಗಾಡಿಗೂ ಕರೆಂಟ್ ಕುಡಿಸಿಲ್ಲ, ಆಗಲೇ ಜಡ್ಡಿಗಿ ಬಿದ್ದದ!

ಅದೇ ವಾರ ಸುರಪುರಕ್ಕ ತಂಗಿ ಹೊಸಾ ಮನಿ ನೋಡಾಕ ಹೋದೆ. ಅದೂ ಇವನೇ ಕಟ್ಟಿದ್ದು. ಪಾರ್ಕಿಂಗಿನಾಗ ಹಸರ ಡಬ್ಬಿ, ಮೂಲ್ಯಾಗ ನನ್ನ ಸುಣ್ಣ.

"ಏ, ಇದು ನಮ್ಮ ಡಬ್ಬಿ!"

"ಸುಮ್ಮಿರಕ್ಕ. ನಾಳಿ ಯಾದಗಿರಿಗಿ ಹೋಗ್ತದಂತ."

ಮದಿವಿ ಆದಾಗಿಂದ ನಾ ಇಷ್ಟು ಊರು ತಿರುಗಿಲ್ಲ.

ನಮ್ಮ ಕಟ್ಟಡ ನೋಡಿ ಕಡೀ ಸಹಿ ಹಾಕಾಕ ನಗರಸಭೆ ಸಾಹೇಬ್ರು ಬರೋ ದಿನ ಡಬ್ಬಿ ಆಟೋದಾಗ ಕುಂತು ವಾಪಸ್ ಬಂತು. ಸಾಹೇಬ್ರು ನೋಡಿ ಪೆನ್ನು ತಗದ್ರು. ನಾ ಸ್ಕೂಟರ್ ದೂಡ್ಕೋತ ನಡುವ ನಿಂತೆ.

"ಜರಾ ತಡೀರಿ ಸಾಹೇಬ್ರ, ನಮ್ಮ ಸೊಸಿ ಗಾಡಿ ಚಾರ್ಜಿಗಿ ಹಚ್ಚತೀನಿ."

"ಆಯಿ, ಇದೆಲ್ಲಾ ನಿಮಗ ತಿಳಿಯಂಗಿಲ್ಲ," ಅಂದ ಗುತ್ತೇದಾರ.

"ಹೌದಪಾ. ವಾಯರ್ ಇಲ್ದ ಡಬ್ಬಿ ನನಗೇನು ತಿಳೀತದ?"

ಸಾಹೇಬ್ರು ಬಗ್ಗಿ ಡಬ್ಬಿ ಹಿಂದ ನೋಡಿದ್ರು. ಪೆನ್ನು ಕಿಸೇಕ ಹೋಯ್ತು. "ಖರೇ ಪಾಯಿಂಟ್ ಹಾಕೋತನಕ ಸಹಿ ಇಲ್ಲ. ಅಲ್ಲೀತನಕ ಇವ್ರ ಗಾಡಿ ನಿನ್ನ ಆಫೀಸಿನಾಗ ಚಾರ್ಜ್ ಆಗ್ಲಿ."

ಆಫೀಸಿನಾಗ ಇರೋದು ಒಂದೇ ಪ್ಲಗ್, ಕೂಲರಿಂದು.

ಈಗ ಸೊಸಿ ಸಾಲಿ ಬಿಟ್ಟು ಬಂದಕೂಡ್ಲೆ ಗಾಡಿ ಅಲ್ಲೇ ಹಚ್ತಾಳ. ನಾ ಕಾವಲು. ಗುತ್ತೇದಾರ ಅಂಗಿ ಗುಂಡಿ ಬಿಚ್ಚಿ, ಬೆವರು ಒರಿಸ್ಕೋತ ಕುಂತಿರ್ತಾನ.

"ಇನ್ನಾ ಎಷ್ಟೊತ್ತು ಆಯಿ?"

"ಅರ್ಧಾ ಆಗ್ಯಾದ. ಸೆಕಿ ಆಗ್ತಿದ್ರ ಹೊರಗ ಬೇವಿನ ಗಿಡ ಅದ, ಹೋಗು."