ಶಿವದಾರದ ಗಂಟು

ಮೊನ್ನೆ ಕಲಬುರಗಿಯ ಗಾಜಿಪುರದ ನಮ್ಮ ಓಣಿಯಲ್ಲಿ ಯಾರೋ ಹಂಚಿನ ಮೇಲೆ ಅಜವಾನ ಹುರಿಯುತ್ತಿದ್ದರು. ಎಳೆಗೂಸಿನ ನೆಗಡಿಗೆ ಇರಬೇಕು. ಆ ಘಾಟು ಕಿಟಕಿಯೊಳಗೆ ಬಂದದ್ದೇ ತಡ, ನಾನು ಇರಾನಿನ ಒಂದು ಗುಡ್ಡದ ಇಳಿಜಾರಿನಲ್ಲಿ ಮೊಣಕಾಲೂರಿ ಕೂತಿದ್ದೆ. ಅಲ್ಲಿಯ ಕುರುಚಲು ಗಿಡಗಳನ್ನು ಕೈಯಿಂದ ಸರಿಸಿದರೆ ಇದೇ ವಾಸನೆ ಏಳುತ್ತಿತ್ತು... ಅಥವಾ ಏಳುತ್ತಿತ್ತೆಂದು ಈಗ ಅನ್ನಿಸುತ್ತದೆಯೋ ಏನೋ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಆದರೆ ಪಕ್ಕದಲ್ಲಿ ಸರ್ ಕೂಡ ಮೊಣಕಾಲೂರಿದ್ದರು ಎಂಬುದರಲ್ಲಿ ಅನುಮಾನವಿಲ್ಲ.

ಸರ್ ಕಲಬುರಗಿಯ ಕಾಲೇಜಿನಲ್ಲಿ ನಮಗೆ ಇತಿಹಾಸ ಕಲಿಸಿದವರು. ಮನೆ ಕಮಲಾಪುರದಲ್ಲಿ. ನಿವೃತ್ತಿಯವರೆಗೂ ದಿನಾ ಬಸ್ಸಿನಲ್ಲೇ ಬಂದುಹೋದರು. ನಮ್ಮನ್ನು ಊರಿನ ಹಳೆಯ ಗುಂಬಜಗಳಿಗೆ ಕರೆದೊಯ್ದು, ಚೌಕಾಕಾರದ ಕೋಣೆಯ ಮೂಲೆಗಳಿಗೆ ಕಮಾನು ಕಟ್ಟಿ, ಮೇಲೆ ದುಂಡನೆಯ ಗುಮ್ಮಟ ಕೂರಿಸಿದ್ದನ್ನು ತೋರಿಸುತ್ತಿದ್ದರು. "ಇದರ ಮುತ್ಯಾ ಪರ್ಷಿಯಾದಾಗ ಅದಾನ" ಎನ್ನುತ್ತಿದ್ದರು. ಸಾಸಾನಿ ವಂಶದ ಮೊದಲ ದೊರೆ ಮೊದಲು ಗುಡ್ಡದ ಮೇಲೆ ಕೋಟೆ ಕಟ್ಟಿಕೊಂಡು, ಶತ್ರುವನ್ನು ಗೆದ್ದ ಮೇಲೆ ಕೆಳಗಿಳಿದು ಕೊಳದ ದಂಡೆಯಲ್ಲಿ ಅರಮನೆ ಕಟ್ಟಿಸಿದನಂತೆ. ಆ ಅರಮನೆಯ ಗುಮ್ಮಟದ ಕೆಳಗೆ ಒಮ್ಮೆ ನಿಲ್ಲಬೇಕು ಎಂಬುದು ಅವರ ಬದುಕಿನ ಆಸೆ. ಆ ಕಡೆ ಹೋಗಿಬರುವುದು ಇನ್ನೂ ಸುಲಭವಿದ್ದ ಕಾಲ. ನಾನು ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿಯದೆ ತಿರುಗುತ್ತಿದ್ದೆ. "ಹೆಂಗೂ ಖಾಲಿ ಅದಿ, ನಡಿ" ಅಂದರು.

ಹೊರಡುವ ದಿನ ಬೆಳಿಗ್ಗೆ ನಾನು ಕಮಲಾಪುರದ ಮನೆಗೆ ಹೋದಾಗ ಅವರ ಹೆಂಡತಿ, ನಾವು ಅಕ್ಕೋರು ಎನ್ನುತ್ತಿದ್ದವರು, ಸರ್ ಕೊರಳಿನ ಶಿವದಾರ ಬದಲಿಸುತ್ತಿದ್ದರು. ಹಳೆಯದು ಸವೆದಿತ್ತು. ಲಿಂಗವಿದ್ದ ಬೆಳ್ಳಿಯ ಕರಡಿಗೆಗೆ ಹೊಸ ಬಿಳಿ ದಾರ ಪೋಣಿಸಿ, ಸರ್ ಕೊರಳ ಹಿಂದೆ ಗಂಟು ಹಾಕಿ ಜಗ್ಗಿ ನೋಡಿದರು.

"ಎತ್ತಿಗೆ ಹಗ್ಗ ಹಾಕಿದಂಗ ಹಾಕಬ್ಯಾಡ ನೀ."

"ಎತ್ತಾದ್ರ ಸಂಜಿಗೆ ತಾನಾಗೇ ಮನಿಗಿ ಬರ್ತದ. ನಿಮ್ಮ ಭರೋಸ ಇಲ್ಲ. ಮನಿ ಗ್ವಾಡಿ ಬಿದ್ದು ವರ್ಷಾತು, ಅದನ್ನ ನೋಡಾಕ ಪುರಸೊತ್ತಿಲ್ಲ, ಯಾರದೋ ಹಾಳಗ್ವಾಡಿ ನೋಡಾಕ ಇಮಾನ ಹತ್ತಾಕತ್ತೀರಿ."

ಸರ್ ನಕ್ಕರು. ಹುಟ್ಟಿದಾಗ ಕಟ್ಟಿದ ಲಿಂಗ ಅದು. ಅದನ್ನು ಮುಟ್ಟಿಕೊಳ್ಳದೆ ಅವರು ಒಂದು ತುತ್ತೂ ತಿಂದದ್ದನ್ನು ನಾನು ಕಂಡಿಲ್ಲ. ದೇವರ ಬಗ್ಗೆ ಕ್ಲಾಸಿನಲ್ಲಿ ನಾನು ವಾದಕ್ಕಿಳಿದರೆ, "ಆಧಾರ ಇಲ್ಲ ಅಂತೀಯಲ್ಲ, ಬರೋಬರಿ ಅದ" ಎನ್ನುತ್ತಿದ್ದರು. ಊಟದ ಹೊತ್ತಿಗೆ ಮಾತ್ರ ಅವರ ಕೈ ಎದೆಗೆ ಹೋಗುತ್ತಿತ್ತು.

ಇರಾನಿಗೆ ಹೋಗಿ, ಒಂದು ದಿನ ಬೆಳಿಗ್ಗೆಯೇ ಆ ಅರಮನೆ ಮುಟ್ಟಿದೆವು. ಒರಟು ಕಲ್ಲಿನ ದಪ್ಪ ಗೋಡೆ, ಮುಂದೆ ತಿಳಿನೀರಿನ ಕೊಳ. ಸರ್ ಬಗ್ಗಿ ಮುಖ ತೊಳೆದುಕೊಂಡರು. ಆಮೇಲೆ ಒಳಗೆ ಹೋಗಿ, ಮೂಲೆಯ ಕಮಾನಿನ ಕೆಳಗೆ ನಿಂತು ಮೇಲೆ ನೋಡಿದರು. ಎಷ್ಟೋ ಹೊತ್ತು ನೋಡಿದರು. ಟೋಪಿ ಕೈಯಲ್ಲಿತ್ತು. "ಅದಾನೋ ತಮ್ಮಾ, ಮುತ್ಯಾ ಗಟ್ಟಿ ಅದಾನ" ಅಂದರು. ಅವರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಮಧ್ಯಾಹ್ನ ಗುಡ್ಡದ ಕೋಟೆ ಹತ್ತಿದೆವು. ದಾರಿ ಎನ್ನುವಂಥ ದಾರಿಯಿಲ್ಲ. ಸರ್ ಮುಳ್ಳುಗಂಟಿ ಹಿಡಿದು, ಕೈಯೂರಿ ಹತ್ತಿದರು. ಮೇಲೆ ಮುರಿದ ಕಮಾನಿನ ನೆರಳಲ್ಲಿ ಕೂತು ಅಕ್ಕೋರು ಕಟ್ಟಿಕೊಟ್ಟಿದ್ದ ಕಟಿರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಸರ್ ಕೈ ಎದೆಗೆ ಹೋಯಿತು. ಅಲ್ಲೇ ನಿಂತಿತು. ಅಂಗಿಯ ಒಳಗೆ, ಬೆನ್ನಿಗೆ, ಸೊಂಟಕ್ಕೆ ತಡಕಾಡಿದರು. ಲಿಂಗವೂ ಇರಲಿಲ್ಲ, ದಾರವೂ ಇರಲಿಲ್ಲ.

"ಹತ್ತುವಾಗ ಇತ್ತೇನು? ನೀ ನೋಡಿದ್ಯಾ?"

ನಾನು ನೆನೆದು ನೋಡಿದೆ. ಕೊಳದಲ್ಲಿ ಬಗ್ಗಿದಾಗ ಬಿಳಿ ದಾರ ಕೊರಳಲ್ಲಿ ಕಂಡಂತಿತ್ತು. ಮರುಕ್ಷಣ, ಬರಿಯ ಕೊರಳು ಕಂಡಂತಿತ್ತು. "ಗೊತ್ತಾಗವಲ್ದು ಸರ್" ಅಂದೆ.

ಆಮೇಲೆ ಆ ಇಳಿಜಾರಿನಲ್ಲಿ ಹುಡುಕಿದ್ದು. ಕೆಳಗಿದ್ದ ಟ್ಯಾಕ್ಸಿಯವನು ಹತ್ತಿಬಂದು ಏನಾಯಿತೆಂದು ಸನ್ನೆಯಲ್ಲಿ ಕೇಳಿದ. ಸರ್ ತಮ್ಮ ಕಲಬುರಗಿಯ ಉರ್ದುವಿನಲ್ಲಿ, "ಖುದಾ ಗುಮ್ ಹೋಗಯಾ ಭಾಯ್", ದೇವರೇ ಕಳೆದುಹೋದ ಅಂದುಬಿಟ್ಟರು. ಆತ ಒಮ್ಮೆ ಆಕಾಶ ನೋಡಿದ, ಒಮ್ಮೆ ಸರ್ ಮುಖ ನೋಡಿದ. ಮತ್ತೇನೂ ಕೇಳದೆ ಅವನೂ ಬಗ್ಗಿ ಕಲ್ಲು ಸರಿಸತೊಡಗಿದ. ಬಿಸಿಲು ಇಳಿಯುವಾಗ ಕೊಳಕ್ಕೂ ಹೋಗಿ ಬಂದೆವು. ಸಿಗಲಿಲ್ಲ.

ಊರು ಮುಟ್ಟುವವರೆಗೆ ಸರ್ ಏನೂ ತಿನ್ನಲಿಲ್ಲ. ಹೊಸದು ಕಟ್ಟಿಸಿಕೊಳ್ಳಬಹುದಲ್ಲ, ಕಲ್ಲಷ್ಟೇ ಅಲ್ಲವೇ ಎಂದು ನನ್ನ ಓದು ಒಳಗೆ ಪಿಸುಗುಟ್ಟುತ್ತಿತ್ತು. ವಿಮಾನದಲ್ಲಿ ಅವರೇ ಮಾತಾಡಿದರು.

"ಆಕಿ ಹಾಕಿದ ಗಂಟು. ಬಿಚ್ಚೇದ ಅಂತ ಗೊತ್ತಾದ್ರ ಆಕಿ ಉಳಿಯಂಗಿಲ್ಲ. ಕೊಳದ ದಂಡ್ಯಾಗ ಮುಖ ತೊಳಿಯಾಕ ನಾನೇ ತಗದಿಟ್ಟು ಮರತೆ ಅಂತೀನಿ. ನೀ ಸುಮ್ಮಕಿರು."

ಆಧಾರವಿಲ್ಲದೆ ಒಂದು ವಾಕ್ಯವನ್ನೂ ಬರೆಯಬೇಡ ಎಂದು ಕಲಿಸಿದವರು ಮನೆಯ ಹೊಸ್ತಿಲಲ್ಲೇ ಹಾಗೆ ಹೇಳಿದರು. ಅಕ್ಕೋರು ಬೈಯಲಿಲ್ಲ. ಮಠದ ಅಯ್ಯನವರು ಬಂದು ಹೊಸ ಲಿಂಗ ಕೊಟ್ಟರು. ಸರ್ ಪೂಜೆ ಮಾಡಿದರು, ಉಂಡರು. ಆದರೆ ಮಾತಾಡುತ್ತ ಕೂತಾಗ ಅವರ ಬೆರಳು ಎದೆಯ ಮೇಲೆ ಏನನ್ನೋ ಹುಡುಕುತ್ತಿದ್ದವು, ಹೊಸದು ಅಲ್ಲೇ ಇದ್ದರೂ...

ಮುಂದಿನ ಬೇಸಿಗೆಯಲ್ಲಿ ಸರ್ ಹೋದರು. ಎದೆನೋವು, ಅಷ್ಟೆ. ಕಮಲಾಪುರದ ಹೊಲದಲ್ಲಿ ಕೂಡಿಸಿ ಸಮಾಧಿ ಮಾಡಿದರು. ಎಡಗೈಯಲ್ಲಿ ಲಿಂಗವಿಟ್ಟು ಬೆರಳು ಮಡಿಸುವಾಗ ನಾನು ಮುಖ ತಿರುಗಿಸಿದೆ. ಅದು ಅವರೊಡನೆ ಬೆಳೆದ ಲಿಂಗವಾಗಿರಲಿಲ್ಲ.

ಎಲ್ಲರೂ ಹೋದ ಮೇಲೆ ಅಕ್ಕೋರು ನನ್ನನ್ನು ಪಡಸಾಲೆಗೆ ಕರೆದರು.

"ತಮ್ಮಾ, ಲಿಂಗ ತಗದಿಟ್ಟು ಮುಖ ತೊಳಿಯೋ ಮನಿಷ್ಯಾ ಅಲ್ಲ ಅವರು. ಸುಳ್ಳು ಹೇಳ್ಯಾರಂತ ನನಗ ಅವತ್ತೇ ಗೊತ್ತಾಗೇದ. ನೀ ಜೋಡಿ ಇದ್ದಾಂವ. ಖರೆ ಹೇಳು, ನನ್ನ ಗಂಟು ಬಿಚ್ಚಿತ್ತೇನು?"

ಗೊತ್ತಿಲ್ಲ ಎಂಬುದೇ ನನ್ನಲ್ಲಿದ್ದ ಒಂದೇ ನಿಜ. ಆ ಮುಖ ನೋಡಿ ಅದು ಹೊರಡಲಿಲ್ಲ. "ಇಲ್ರೀ ಅಕ್ಕೋರ. ಗಂಟು ಗಟ್ಟಿ ಇತ್ತು. ಮುಳ್ಳಿಗಿ ಸಿಕ್ಕು ದಾರ ಹರದದ. ನಾ ನೋಡೀನಿ."

ಅವರು ತಮ್ಮ ಎರಡೂ ಅಂಗೈ ನೋಡಿಕೊಂಡು ಮೆಲ್ಲಗೆ ಅಂದರು: "ದಾರಾನೂ ನಾನೇ ಕೈಲೆ ಹೊಸೆದಿದ್ನಲ್ಲೋ."

ಸರ್ ತಮ್ಮ ಸುಳ್ಳಿಗೆ ಯಾಕೆ ಕೊಳದ ದಂಡೆಯನ್ನೇ ಆರಿಸಿಕೊಂಡಿದ್ದರೆಂದು ಆಗ ಹೊಳೆಯಿತು; ಅಲ್ಲಿ ತಪ್ಪು ಗಂಟಿನದೂ ಆಗುವುದಿಲ್ಲ, ದಾರದ್ದೂ ಆಗುವುದಿಲ್ಲ.

ಅಕ್ಕೋರು ಈಗಲೂ ಕಮಲಾಪುರದಲ್ಲಿದ್ದಾರೆ. ಹೋದಾಗಲೆಲ್ಲ ಚಹಾ ಕೊಡುತ್ತಾರೆ, ಆ ಮಾತು ತೆಗೆಯುವುದಿಲ್ಲ. ನನಗೋ, ಆ ಗುಡ್ಡ ನೆನಪಾದರೆ ಮುಳ್ಳಿನಲ್ಲಿ ಸಿಕ್ಕಿ ಗಾಳಿಗೆ ಅಲುಗುವ ಬಿಳಿ ದಾರದ ತುಂಡು ಕಾಣುತ್ತದೆ, ಎಳೆ ಎಳೆಯಾಗಿ. ನಿಜವಾಗಿ ಕಂಡದ್ದೋ, ಅವತ್ತು ನಾಲಿಗೆಗೆ ಬಂದದ್ದು ಆಮೇಲೆ ಕಣ್ಣಿಗೆ ಇಳಿಯಿತೋ... ಕೇಳೋಣವೆಂದರೆ, ಆ ಗುಡ್ಡ ಹತ್ತುವಾಗ ನನ್ನ ಜೊತೆ ಇದ್ದವರು ಸರ್ ಒಬ್ಬರೇ.