ಎರಡು ಸಲ ಬಗ್ಗಿಸಿದ ಕೊಂಡಿ

ಸಿಂದಗಿ ಕಡೆಯ ಸೇತುವೆ ಕೆಲಸದಲ್ಲಿ ನಾನು ಓವರ್‌ಸಿಯರ್. ಬಾಯಿ ಮಾತ್ರ ಚೀಫ್ ಎಂಜಿನಿಯರನದು. ಕಾಂಕ್ರೀಟಿಗೆ ಹಾಕುವ ಕಬ್ಬಿಣದ ಸಳಿ ಬಗ್ಗಿಸುವ ವಯಸ್ಸಾದ ಮಿಸ್ತ್ರಿಯೊಬ್ಬರಿದ್ದರು. ತಪ್ಪಾಗಿ ಬಗ್ಗಿದ ಸಳಿಯನ್ನು ಅವರು ಬಡಿದು ನೆಟ್ಟಗೆ ಮಾಡಿ ಮತ್ತೆ ಬಗ್ಗಿಸಿದರೆ ನನ್ನ ಪಿತ್ತ ನೆತ್ತಿಗೇರುತ್ತಿತ್ತು.

"ಯಾವ ಮೂರ್ಖ ಮಾಡ್ಯಾನಿದು? ಬೆಂಕ್ಯಾಗ ಕಾಸಲಾರದ ಬಗ್ಗಿಸಿದ ಸಳಿ ಒಳಗ ಬಿಗದಿರತೈತಿ. ಮ್ಯಾಲೆ ನೆಟ್ಟಗ ಕಂಡ್ರೂ ಒಳಗಿನ ಜಗ್ಗಾಟ ಹೋಗಿರೂದಿಲ್ಲ. ಮತ್ತ ಬಗ್ಗಿಸಿದ್ರ ಸೀಳತೈತಿ. ಒಗೀರಿ ಅದನ್ನ!"

"ಹೌದ್ರಿ ಸಾಹೇಬ್ರ," ಎಂದು ಮಿಸ್ತ್ರಿ ಅದನ್ನು ಆಚೆ ಒಗೆಯುತ್ತಿದ್ದರು.

ಆ ವರ್ಷ ಮಗಳು ಹುಟ್ಟಿದಳು. ತೊಟ್ಟಿಲ ಕಾರ್ಯ ಹೆಂಡತಿಯ ತವರಾದ ಬಸವನ ಬಾಗೇವಾಡಿಯಲ್ಲಿ. ಹಿಂದಿನ ದಿನ ಹೋಗಿ ನೋಡಿದರೆ ತೊಟ್ಟಿಲು ತೂಗುಹಾಕಲು ತೊಲೆಗೆ ಕೊಂಡಿಯೇ ಇಲ್ಲ! ಹಿತ್ತಲಲ್ಲಿ ಒಂದು ಸಳಿ ತುಂಡು ಸಿಕ್ಕಿತು.

"ಕಂಬಾರಗ ಕೊಡ್ರಿ, ಕಾಸಿ ಬಗ್ಗಿಸ್ತಾನ," ಎಂದರು ಅತ್ತೆ.

"ಒಂದ್ ಕೊಂಡಿಗೆ ಕಂಬಾರ ಬೇಕೇನ್ರಿ? ನಾ ಏನ್ ಸಿಂದಗ್ಯಾಗ ಕತ್ತೆ ಕಾಯಾಕತ್ತೇನೇನು?"

ಕಲ್ಲಿನ ಸಂದಿಗೆ ಸಿಕ್ಕಿಸಿ ಬಗ್ಗಿಸಿದೆ. ಕೊಂಡಿಯ ಬಾಯಿ ಸಣ್ಣದಾಗಿ ತೊಟ್ಟಿಲ ಸರಪಳಿ ಹಿಡಿಯಲಿಲ್ಲ. ಬಡಿದು ಬಿಚ್ಚಿದೆ, ತೀರ ಅಗಲವಾಯಿತು. ದರಿದ್ರ ಸಳಿ! ನಾನೇ ದಿನಾ ಹೇಳುವ ಮಾತು ಆಗ ನೆನಪಾಯಿತು. ಆದರೆ ಅತ್ತೆ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ಹಟಕ್ಕೆ ಬಿದ್ದು ಮತ್ತೆ ಬಗ್ಗಿಸಿ ತೊಲೆಗೆ ಸಿಕ್ಕಿಸಿಬಿಟ್ಟೆ.

ಮರುದಿನ ಹೆಂಗಸರು ಪದ್ಧತಿಯಂತೆ ರುಬ್ಬುವ ಗುಂಡಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ, ಕೂಸಿಗಿಂತ ಮೊದಲು ಅದನ್ನು ತೊಟ್ಟಿಲಲ್ಲಿ ಮಲಗಿಸಿ ಜೋಗುಳ ಶುರು ಮಾಡಿದರು. ನನಗೆ ಬಸ್ಸಿನ ಅವಸರ.

"ಕಲ್ಲಿಗೆ ಎಷ್ಟ್ ಜೋಗುಳ ಹಾಡ್ತೀರಿ? ಕೂಸಿನ್ನ ಹಾಕ್ರಿ!"

"ಐದ್ ಸಲ ತೂಗೂದೈತಿ. ಸುಮ್ನ ಕುಂದರ್ರಿ," ಎಂದರು ಅತ್ತೆ.

ಮೂರನೇ ತೂಗಿಗೆ ಕೊಂಡಿ ಠಣ್ ಎಂದು ಮುರಿಯಿತು. ತೊಟ್ಟಿಲು ಧೊಪ್ಪನೆ ಬಿತ್ತು. ಗುಂಡಕಲ್ಲಿನ ಪೆಟ್ಟಿಗೆ ನೆಲದ ಹಾಸುಗಲ್ಲು ಬಿರಿಯಿತು. ಮಗಳು ತಾಯಿಯ ತೊಡೆಯ ಮೇಲೆ ನಿದ್ದೆಯಲ್ಲಿದ್ದಳು. ಯಾರೂ ಬೈಯಲಿಲ್ಲ. ಅಯ್ಯೋ, ಬೈದಿದ್ದರೆ ಎಷ್ಟೋ ವಾಸಿಯಿತ್ತು! ಅತ್ತೆ ಕಂಬಾರನಿಗೆ ಹೇಳಿ ಕಳಿಸಿದರು, ಅಷ್ಟೇ.

ಮುರಿದ ಕೊಂಡಿ ಜೇಬಿನಲ್ಲಿ ಸಿಂದಗಿಗೆ ಬಂತು. ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳಲಿ? ಮಿಸ್ತ್ರಿಯ ಕೈಗೆ ಕೊಟ್ಟೆ. ತೊಟ್ಟಿಲ ಕಾರ್ಯಕ್ಕೆ ರಜೆ ಹಾಕಿದ್ದು ಅವರಿಗೆ ಗೊತ್ತಿತ್ತು. ಮುರಿದ ಜಾಗದ ಮೇಲೆ ಬೆರಳಾಡಿಸಿದರು.

"ಕಾಸಿಲ್ರಿ ಇದನ್ನ. ಬಿಚ್ಚಿ ಮತ್ತ ಬಗ್ಗಿಸ್ಯಾರ."

"ಯಾವ ಮೂರ್ಖ ಮಾಡ್ಯಾನಂತ ಕೇಳ್ರಿ. ಕೇಳ್ರಿ ನನ್ನ!"

ಅವರು ಅದನ್ನು ಕೇಳಲಿಲ್ಲ. ಕೊಂಡಿಯನ್ನು ಮೆಲ್ಲಗೆ ಕೆಳಗಿಟ್ಟರು.

"ಕೂಸು ಆರಾಮ ಐತಿಲ್ರಿ, ಸಾಹೇಬ್ರ?" ಎಂದರು.