ಒಂದಿದ್ದದ್ದು ಮೂರಾದ ಮೇಲೆ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ತೆರಕಣಾಂಬಿಯ ನಮ್ಮ ಜಗಲಿಯಲ್ಲಿ ಕೂತು, ಅವ್ವ ಕೊಟ್ಟ ಕಾಫಿ ಕುಡಿಯುತ್ತಲೇ ಹೇಳಿದ್ದ:

"ಅಕ್ಕ, ದಿನಾ ಬಸ್ಸಲ್ ಓಗಿ ಬಂದು ಡಿಗ್ರಿ ಮಾಡಕಾದ್ದಾ? ಮೂರ್ ತಿಂಗ್ಳು ತಡಿ, ಅವ್ಳೇ ಬುಟ್ಬುಟ್ಟು ಮನೇಲ್ ಕೂತ್ಕತಾಳ."

ಮೂರು ವರ್ಷ ಚಾಮರಾಜನಗರಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದೆ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಎಸ್ಸೆಸ್ಸೆಲ್ಸಿ ದಾಟಿದವರಿರಲಿಲ್ಲ. ನಾನು ಪಾಸಾದೆ. ಗುಂಡ್ಲುಪೇಟೆಯ ಒಂದು ಶಾಲೆಯವರು ಆಫೀಸಿನ ಕೆಲಸ ಕೊಡಲೂ ಒಪ್ಪಿದರು. ಶುಕ್ರವಾರದೊಳಗೆ ಡಿಗ್ರಿ ಸರ್ಟಿಫಿಕೇಟು ತರಬೇಕು, ಇಲ್ಲದಿದ್ದರೆ ಇನ್ನೊಬ್ಬರು ಕಾದಿದ್ದಾರೆ ಎಂದರು. ನನ್ನನ್ನು ಮನೆಯಲ್ಲಿ ಕೂರಿಸುವುದು ಮಾವನ ಮಾತಿನಿಂದ ಆಗಲಿಲ್ಲ; ಆ್ಯಪ್ ಮಾಡುವ ಜಾಣರು ಅದನ್ನು ಇನ್ನೇನು ಮಾಡಿಯೇಬಿಡುತ್ತಿದ್ದರು.

ಓದುವಾಗ ನಮಗೆ ಕಾಲೇಜಿನ ಕೆಲಸಕ್ಕೆಲ್ಲ ಒಂದೇ ಆ್ಯಪ್ ಇತ್ತು. ಹಾಲ್ ಟಿಕೆಟ್, ರಿಸಲ್ಟ್, ನೋಟೀಸು, ಸರ್ಟಿಫಿಕೇಟಿನ ಅರ್ಜಿ, ಎಲ್ಲ ಅದರೊಳಗೇ. ನೋಡಲು ಚೆನ್ನಾಗಿರಲಿಲ್ಲ, ಕೆಲಸ ಮಾಡುತ್ತಿತ್ತು. ಕೆಲಸ ಮಾಡುವುದನ್ನು ಸುಮ್ಮನೆ ಬಿಟ್ಟರೆ ಬುದ್ಧಿವಂತರಿಗೆ ನಿದ್ದೆ ಬರುವುದಿಲ್ಲವಲ್ಲ. ಒಂದನ್ನು ಒಡೆದು ಮೂರು ಮಾಡಿದರು: ಪರೀಕ್ಷೆಗೊಂದು, ನೋಟೀಸಿಗೊಂದು, ಸರ್ಟಿಫಿಕೇಟಿಗೊಂದು. 'ನಿಮ್ಮ ಅನುಕೂಲಕ್ಕಾಗಿ' ಎಂದು ಬೇರೆ ಬರೆದಿದ್ದರು. ನನ್ನ ಅನುಕೂಲವನ್ನು ನನ್ನನ್ನು ಕೇಳದೆ ಕಂಡುಕೊಂಡ ಮಹಾನುಭಾವರು!

ನಮ್ಮ ಮನೆಗೆಲ್ಲ ಒಂದೇ ಫೋನು. ಅದರಲ್ಲಿ ಯಾವಾಗಲೂ ಜಾಗವಿರುತ್ತಿರಲಿಲ್ಲ. ಹೊಸದೊಂದು ಹಾಕಬೇಕಾದರೆ ಇದ್ದದ್ದೊಂದನ್ನು ಅಳಿಸಬೇಕು. ಅಣ್ಣನ ಬೆಳೆ ಆ್ಯಪ್ ತೆಗೆದು ನನ್ನದು, ನನ್ನದು ತೆಗೆದು ಅವನದು. ಒಂದೇ ಒಲೆಯ ಮೇಲೆ ಅನ್ನ ಇಳಿಸಿ ಸಾರು ಇಡುವ ಹಾಗೆ. ಆ ಸೋಮವಾರವೂ ಅದೇ ಅಭ್ಯಾಸದಲ್ಲಿ ಹಳೆಯ ಆ್ಯಪ್ ಅಳಿಸಿ ಸರ್ಟಿಫಿಕೇಟಿನದು ಹಾಕಿದೆ. ಅದು ತೆರೆದುಕೊಂಡು, ಹಳೆಯ ಆ್ಯಪಿಗೆ ಹೋಗಿ 'ಹೌದು, ಇದು ನಾನೇ' ಎಂದು ಒತ್ತಿ ಬಾ ಎಂದಿತು. ಹಳೆಯದನ್ನು ಮತ್ತೆ ಹಾಕೋಣವೆಂದರೆ ಅದು ಎಲ್ಲೂ ಸಿಗಲಿಲ್ಲ. ಹೊಸದಾಗಿ ಯಾರೂ ಹಾಕಿಕೊಳ್ಳದಂತೆ ತೆಗೆದುಬಿಟ್ಟಿದ್ದರು.

ಮಂಗಳವಾರ ಚಾಮರಾಜನಗರದ ಕಾಲೇಜು ಆಫೀಸಿಗೆ ಹೋದೆ. ಗುಮಾಸ್ತರು ತಲೆ ಎತ್ತದೆ, ಹಳೆಯದನ್ನು ಅಳಿಸಬೇಡಿ ಎಂದು ಮೊದಲೇ ತಿಳಿಸಿದ್ದೆವಲ್ಲ ಎಂದರು. ಎಲ್ಲಿ ಎಂದು ಕೇಳಿದೆ. ನೋಟೀಸಿನ ಆ್ಯಪಿನಲ್ಲಂತೆ. ಅದನ್ನು ಹಾಕಲು ನಮ್ಮ ಫೋನಿನಲ್ಲಿ ಜಾಗವೆಲ್ಲಿತ್ತು? ನನ್ನ ಹಿಂದೆ ಸಂತೆಮರಹಳ್ಳಿ ಕಡೆಯ ಹುಡುಗಿಯೊಬ್ಬಳು ನಿಂತಿದ್ದಳು. ಅವಳೂ ಹಳೆಯ ಆ್ಯಪ್ ಅಳಿಸಿಕೊಂಡೇ ಬಂದಿದ್ದಳು.

"ಮೂರ್ ಮೂರು ಮಾಡ್ದವ್ರು ಜೊತ್ಗ ಒಂದ್ ಫೋನೂ ಕೊಟ್ಬುಟ್ಟಿದ್ರ ಆಯ್ತಿತ್ತು ಕಣಕ್ಕ" ಎಂದಳು.

ಬುಧವಾರವೂ ಅದೇ ಉತ್ತರ. ಗುರುವಾರ ಅವ್ವ ಕೂಲಿ ಬಿಟ್ಟು ನನ್ನ ಜೊತೆ ಹೊರಟಳು. ಗುಮಾಸ್ತರು ಮತ್ತೆ, ಇವಳೇ ಆ ವಿದ್ಯಾರ್ಥಿನಿ ಎಂದು ಆ್ಯಪ್ ಒಪ್ಪದೆ ತಾವೇನೂ ಮಾಡಲಾಗದು ಎಂದರು. ಅವ್ವ ಕಿಟಕಿಯ ಹತ್ತಿರಕ್ಕೆ ಹೋದಳು.

"ಇವ್ಳೇ ಅವ್ಳು ಅಂತ ಹೆತ್ತವ್ಳು ನಾನ್ ಹೇಳ್ತಾ ಇವ್ನಿ. ಅದ್ಯಾವ್ದೋ ಫೋನ್ನ ಯಾಕ್ ಕೇಳೀರಿ ಸಾಮಿ?"

ಹೇಳಿ ಪಕ್ಕದ ಬೆಂಚಿನ ಮೇಲೆ ಕೂತಳು. ಸಂಜೆ ಬಾಗಿಲು ಹಾಕುವ ಹೊತ್ತಾದರೂ ಏಳಲಿಲ್ಲ. ಕೊನೆಗೆ ಗುಮಾಸ್ತರು ಬೇಸತ್ತು ದಾಖಲಾತಿ ಪುಸ್ತಕ ತೆಗೆದರು, ಅದರಲ್ಲಿದ್ದ ಫೋಟೋ ನೋಡಿದರು, ನನ್ನ ಮುಖ ನೋಡಿದರು. ಎರಡು ನಿಮಿಷದ ಕೆಲಸ. ಸರ್ಟಿಫಿಕೇಟು ಆಗಲೇ ಅಚ್ಚಾಗಿ ಅವರ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು. ಸಹಿ ಹಾಕಿಸಿಕೊಂಡು ಕೊಟ್ಟರು.

ನಾನು ಅದನ್ನು ಅವ್ವನ ಕೈಗಿಟ್ಟೆ. ಅವಳಿಗೆ ಓದಲು ಬಾರದು. ಸೆರಗಿನಲ್ಲಿ ಕೈ ಒರೆಸಿಕೊಂಡು ಹಿಡಿದು, ನನ್ನ ಹೆಸರು ಎಲ್ಲಿದೆ ಎಂದು ಕೇಳಿದಳು. ತೋರಿಸಿದೆ. ಬಗ್ಗಿ ನೋಡಿದಳು.

"ಇಷ್ಟ್ ಸಣ್ಣಕ ಬರ್ದವ್ರಲ್ಲ ಕಣಮ್ಮಿ. ಇನ್ನೊಂಚೂರು ದಪ್ಪಕ ಬರಿಯಕ ಏನಾಗಿತ್ತು ಇವ್ರಿಗ?"